ಎರಡು ಲಕ್ಷದ ಪೆಟ್ಟಿಗೆ, ಎರಡು ಕಿವಿ

ಗದಗಿನಲ್ಲಿ ಒಬ್ಬ ಹುಡುಗ. ಶಾಲೆ ಬಿಟ್ಟ ಮೇಲೆ ನೆಟ್ಟಗೆ ಮನೆಗೆ ಬರುವ ಜಾಯಮಾನ ಅವನದಲ್ಲ. ಗ್ರಾಮಫೋನ್ ತಟ್ಟೆ ಮಾರುವ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದ. ಗಿರಾಕಿಗಳಿಗೆಂದು ಹಾಕಿದ ಹಾಡನ್ನು ತಾನು ಪುಕ್ಕಟೆ ಕೇಳುತ್ತಿದ್ದ. ಹಾಗೆ ಕಿವಿಗೆ ಬಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದು ತಲೆಗೆ ಹತ್ತಿ, 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟೇಬಿಟ್ಟ. 1922ರಲ್ಲಿ ಹುಟ್ಟಿದ ಆ ಹುಡುಗ ಭೀಮಸೇನ ಜೋಶಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷದ ಹಾಡು. ಅದರ ಮೇಲೆ ಸೂಜಿಯ ಕರಕರ, ಅದರ ಮೇಲೆ ಬೀದಿಯ ಗದ್ದಲ. ಭಾರತರತ್ನ ಹುಟ್ಟಲು ಅಷ್ಟು ಸಾಕಾಯಿತು.

ಈಗ ನಮ್ಮ ಜೇಬಿನಲ್ಲಿರುವ ಫೋನು ಆ ಗ್ರಾಮಫೋನಿಗಿಂತ ಎಷ್ಟೋ ಪಾಲು ಶುದ್ಧವಾಗಿ ಹಾಡುತ್ತದೆ. ಆದರೂ "ಒಂದು ಒಳ್ಳೇ ಸೆಟ್ ತಗೊಂಡು ಆಮೇಲೆ ಕೂತು ಸಂಗೀತ ಕೇಳ್ಬೇಕು" ಅನ್ನುವವರೇ ಹೆಚ್ಚು. ನಾನೂ ಹತ್ತು ವರ್ಷ ಹಾಗೇ ಅಂದುಕೊಂಡು ಕೂತಿದ್ದೆ. ಸೆಟ್ಟೂ ಬರಲಿಲ್ಲ, ಸಂಗೀತವೂ ಬರಲಿಲ್ಲ. ದುಬಾರಿ ಸೆಟ್ಟು ಬೇಡವೇ ಬೇಡ ಎಂದು ವಾದಿಸಲು ನಾನು ಬಂದಿಲ್ಲ. ಅದು ಬರುವ ತನಕ ಕಿವಿಗೆ ಉಪವಾಸ ಬೇಡ, ಅಷ್ಟೇ.

1. ಹಾಕಿದ ಹಾಡನ್ನು ಮುಗಿಯುವ ತನಕ ಕೇಳಿ

ನನ್ನ ಹೆಂಡತಿಯ ತಮ್ಮ ಹೋದ ವರ್ಷ ಎರಡು ಲಕ್ಷ ಕೊಟ್ಟು ಸೆಟ್ಟು ತಂದ. ಗೃಹಪ್ರವೇಶಕ್ಕೆ ಕರೆಯುವಂತೆ ಮನೆಗೆ ಬಂದು ಕರೆದ. ಹೋದೆವು. "ಭಾವ, ಅಲ್ಲಲ್ಲ, ಈ ಕುರ್ಚೀಲೇ ಕೂತ್ಕೊಳ್ಳಿ, ಇಲ್ಲಿಂದ್ಲೇ ಸರಿಯಾಗಿ ಕೇಳೋದು" ಎಂದು ಕೂರಿಸಿದ. ಮೊದಲು ಮಳೆಯ ಸದ್ದು. ಆಮೇಲೆ ಗಾಜು ಒಡೆಯುವ ಸದ್ದು. ಆಮೇಲೆ ಒಂದು ಗಿಟಾರು, ಇಪ್ಪತ್ತು ಸೆಕೆಂಡು. "ಬೆರಳು ತಂತಿ ಮೇಲೆ ಜಾರಿದ್ದು ಕೇಳಿಸ್ತಾ ಭಾವ?" ಕೇಳಿಸಿತು. ಆಮೇಲೆ ತಬಲಾ, ಹದಿನೈದು ಸೆಕೆಂಡು. ಒಂದು ಗಂಟೆ ಕೂತಿದ್ದೆ. ಒಂದೇ ಒಂದು ಹಾಡು ಪಲ್ಲವಿ ದಾಟಲಿಲ್ಲ. ಅವನು ಕೇಳುತ್ತಿದ್ದದ್ದು ಪೆಟ್ಟಿಗೆಯನ್ನು. ಹಾಡು ಬರೀ ನೆಂಚಿಕೊಳ್ಳಲು ಇಟ್ಟ ಉಪ್ಪಿನಕಾಯಿ.

ಅವನನ್ನು ನೋಡಿ ನಗುವ ಹಕ್ಕು ನಮಗೂ ಇಲ್ಲ. ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಮುಂದಿನ ಹಾಡಿಗೆ ಜಿಗಿಯುವ ನಾವೂ ಅದನ್ನೇ ಮಾಡುತ್ತಿದ್ದೇವೆ, ಎರಡು ಲಕ್ಷ ಕೊಡದೆ. ಇವತ್ತು ರಾತ್ರಿ ಒಂದು ಹಾಡು ಹಾಕಿ, ಫೋನು ಮಗುಚಿಡಿ, ಕೊನೆಯ ಸದ್ದು ಅಡಗುವ ತನಕ ಮುಟ್ಟಬೇಡಿ.

2. ಕಿವಿಗೆ ಲೆಕ್ಕ ಬರುತ್ತದೆ, ನಂಬಿ

ಹಳೇ ಲ್ಯಾಂಡ್‌ಲೈನ್ ಫೋನು ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ಸದ್ದನ್ನು ಮಾತ್ರ ದಾಟಿಸುತ್ತಿತ್ತು. ಗಂಡಸಿನ ಮಾತಿನ ಬುಡದ ಕಂಪನ ಇರುವುದು ನೂರು, ನೂರಿಪ್ಪತ್ತರ ಆಸುಪಾಸು. ಅಂದರೆ ಅಪ್ಪನ ದನಿಯ ಬುಡ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಅಪ್ಪ ಊರಿಂದ ಫೋನು ಮಾಡಿದಾಗ ಅಮ್ಮನ ದನಿ ಅಂದುಕೊಂಡವರುಂಟೇ?

ಇದು ಕಿವಿ-ಮಿದುಳು ಎರಡೂ ಸೇರಿ ಮಾಡುವ ಲೆಕ್ಕ. ಯಾವ ಸ್ವರವೂ ಒಂಟಿಯಾಗಿ ಬರುವುದಿಲ್ಲ. 120ರ ಜೊತೆಗೆ 240, 360, 480 ಎಂದು ಮಕ್ಕಳು ಮರಿ ಕಟ್ಟಿಕೊಂಡೇ ಬರುತ್ತದೆ. ಬುಡದ 120 ಬಿದ್ದುಹೋದರೂ ಮಿಕ್ಕವುಗಳ ನಡುವಿನ ಅಂತರ ನೋಡಿ ಮಿದುಳು "ಓ, ಇದು 120ರ ಸಂಸಾರ" ಎಂದು ಗುರುತು ಹಿಡಿದುಬಿಡುತ್ತದೆ. ಯಜಮಾನ ಮನೆಯಲ್ಲಿ ಇಲ್ಲದಿದ್ದರೂ ಬಾಗಿಲಲ್ಲಿರುವ ಚಪ್ಪಲಿ ನೋಡಿ ಯಾರ ಮನೆ ಎಂದು ಹೇಳಿದ ಹಾಗೆ.

ತಂಬೂರಿಯನ್ನೇ ತೆಗೆದುಕೊಳ್ಳಿ. ಹಾರ್ಮೋನಿಯಂನ ಬಿಳಿ ಒಂದಕ್ಕೆ ಶ್ರುತಿ ಮಾಡಿದರೆ ಅದರ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ನಿಮ್ಮ ಫೋನಿನ ಬುಡದಲ್ಲಿರುವ ಉಗುರಿನಷ್ಟು ಸ್ಪೀಕರಿಗೆ ಆ ಸದ್ದು ಹೊರಡಿಸುವ ಶಕ್ತಿ ಸುತರಾಂ ಇಲ್ಲ. ಆದರೂ ಮಂದ್ರ ಕೇಳುತ್ತದೆ. ಯಾಕೆ ಗೊತ್ತೇ? ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ಹತ್ತಿದಾರ ಇಟ್ಟಿರುತ್ತಾರಲ್ಲ, ಜೀವ ಅನ್ನುತ್ತಾರೆ ಅದಕ್ಕೆ. ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತಂತಿ ಝೇಂ ಎಂದು ಅರಳುತ್ತದೆ. ಮೇಲಿನ ಕಂಪನಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುವ ಗಳಿಗೆ ಅದು. ಸಿ.ವಿ. ರಾಮನ್ ಬೆಂಗಳೂರಿಗೆ ಬರುವ ಮೊದಲೇ, 1921ರಲ್ಲಿ, ವೀಣೆ ಮತ್ತು ತಂಬೂರಿಯ ಈ ವಿಚಿತ್ರದ ಮೇಲೆ ಒಂದು ಪ್ರಬಂಧ ಬರೆದಿದ್ದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಕಂಪನ ಏಳಬಾರದೆಂದು ಹಳೆಯ ನಿಯಮ ಹೇಳುತ್ತಿತ್ತೋ ಅದೂ ಇಲ್ಲಿ ಗಟ್ಟಿಯಾಗಿ ಏಳುತ್ತದೆ ಎಂದು ತೋರಿಸಿದರು. ಕಾಸು ಬೆಲೆಯಿಲ್ಲದ ದಾರದ ಚೂರು ಮೇಲಿನ ಕಂಪನಗಳನ್ನು ಧಾರಾಳವಾಗಿ ಸುರಿಯುತ್ತದೆ, ಆ ಸುರಿಮಳೆಯನ್ನೇ ಹಿಡಿದುಕೊಂಡು ಕಿವಿ ಇಲ್ಲದ ಮಂದ್ರವನ್ನು ಕಟ್ಟಿಕೊಳ್ಳುತ್ತದೆ.

ಈ ಲೆಕ್ಕಕ್ಕೂ ಒಂದು ಗಡಿ ಇದೆ. ಡೊಳ್ಳಿನ ಏಟು ಎದೆಗೆ ಗುದ್ದುವುದು ಕಿವಿಯ ಲೆಕ್ಕವಲ್ಲ, ಮೈಯ ಲೆಕ್ಕ. ಅದನ್ನು ಯಾವ ಫೋನೂ ಕೊಡಲಾರದು. ಡೊಳ್ಳು ಬೇಕೆಂದರೆ ಜಾತ್ರೆಗೆ ಹೋಗಿ.

3. ಒಂದೇ ಸ್ಪೀಕರಿಗೆ ನಾಚಬೇಡಿ

60ರ ದಶಕದ ನಮ್ಮ ಸಿನಿಮಾ ಹಾಡುಗಳು ತಯಾರಾದದ್ದೇ ಮೋನೊದಲ್ಲಿ. ಪಿ.ಬಿ. ಶ್ರೀನಿವಾಸ್ ಹಾಡಿದ್ದೂ, ಹಿಂದಿನ ಪಿಟೀಲುಗಳೂ, ಎಲ್ಲವೂ ಒಂದೇ ಕೊಳವೆಯಲ್ಲಿ ಹರಿದು ಬಂದದ್ದು. ಅವನ್ನು ಒಂದೇ ಸ್ಪೀಕರಿನಲ್ಲಿ ಕೇಳಿದರೆ ನಿಮಗೆ ನಷ್ಟವಾಗುವುದು ಸೊನ್ನೆ. ಹೊಸ ಹಾಡು ಮಾಡುವವರೂ ಸಣ್ಣ ಪೆಟ್ಟಿಗೆಯನ್ನು ಮರೆತವರಲ್ಲ. ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್' ಮಿಕ್ಸ್ ಮಾಡಿದ ಬ್ರೂಸ್ ಸ್ವೀಡಿಯನ್ ದೊಡ್ಡ ಸ್ಪೀಕರುಗಳ ಪಕ್ಕದಲ್ಲೇ ಔರಟೋನ್ ಎಂಬ, ಒಂದೇ ಕೋನಿನ, ಟಿಫಿನ್ ಡಬ್ಬಿಯಂಥ ಪೆಟ್ಟಿಗೆ ಇಟ್ಟುಕೊಂಡು ಬಹುಪಾಲು ಕೆಲಸ ಅದರ ಮೇಲೇ ಮಾಡುತ್ತಿದ್ದರು. ಅದರಲ್ಲಿ ಚೆನ್ನಾಗಿ ಕೇಳಿದ್ದು ಎಲ್ಲೆಡೆ ಚೆನ್ನಾಗಿ ಕೇಳುತ್ತದೆ ಎಂಬ ಲೆಕ್ಕ.

ಒಂದು ಎಚ್ಚರಿಕೆ. ಬಸ್ಸಿನಲ್ಲಿ ಗೆಳತಿಗೆ ಒಂದು ಇಯರ್‌ಫೋನು ಕೊಟ್ಟು, ಇನ್ನೊಂದನ್ನು ನೀವಿಟ್ಟುಕೊಂಡು ಸ್ಟೀರಿಯೊ ಹಾಡು ಕೇಳಿದರೆ ಇಬ್ಬರಿಗೂ ಅರ್ಧರ್ಧ ಹಾಡು. ಬೀಟಲ್ಸ್ ತಂಡದ ಮೊದಮೊದಲ ಸ್ಟೀರಿಯೊ ತಟ್ಟೆಗಳಲ್ಲಂತೂ ಕಂಠ ಒಂದು ಕಡೆ, ವಾದ್ಯ ಇನ್ನೊಂದು ಕಡೆ. ಒಬ್ಬರಿಗೆ ಹಾಡು, ಇನ್ನೊಬ್ಬರಿಗೆ ಡೋಲು. ಫೋನಿನ ಸೆಟ್ಟಿಂಗಿನಲ್ಲಿ ಆ್ಯಕ್ಸೆಸಿಬಿಲಿಟಿ ಅನ್ನುವ ಕಡೆ ಹೋದರೆ 'ಮೋನೊ ಆಡಿಯೊ' ಎಂಬ ಗುಂಡಿ ಇದೆ. ಒತ್ತಿ. ಒಂದು ಕಿವಿ ಮಂದವಾಗಿರುವ ಹಿರಿಯರ ಫೋನಿನಲ್ಲೂ ಇದನ್ನು ಒತ್ತಿಕೊಡಿ; ಪುಣ್ಯ ಬರುತ್ತದೆ.

4. ಇಯರ್‌ಫೋನು ಬದಲಿಸುವ ಮೊದಲು ಅದರ ರಬ್ಬರು ಬದಲಿಸಿ

ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರು ಟಿಪ್ಪು ಬರುತ್ತವೆ. ನಾವು ನಡುವಿನದ್ದನ್ನು ಹಾಕಿಕೊಂಡು ಮಿಕ್ಕಿದ್ದನ್ನು ಡಬ್ಬಿಯ ಜೊತೆ ಕಸಕ್ಕೆ ಹಾಕುತ್ತೇವೆ. ಆಮೇಲೆ "ಇದರಲ್ಲಿ ಬೇಸೇ ಇಲ್ಲ" ಎಂದು ದೂರುತ್ತೇವೆ. ರಬ್ಬರಿಗೂ ಕಿವಿಗೂ ನಡುವೆ ಸಂದು ಉಳಿದರೆ ತಗ್ಗಿನ ಸದ್ದೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ. ಎಡಗಿವಿ, ಬಲಗಿವಿ ಒಂದೇ ಅಳತೆಯವಲ್ಲ ಎಂಬುದೂ ನೆನಪಿರಲಿ. ನನ್ನ ಎಡಕ್ಕೆ ನಡುವಿನದ್ದು, ಬಲಕ್ಕೆ ದೊಡ್ಡದು. ಇದನ್ನು ಕಂಡುಕೊಳ್ಳಲು ನನಗೆ ನಾಲ್ಕು ವರ್ಷ ಮತ್ತು ಮೂರು ಇಯರ್‌ಫೋನು ಬೇಕಾದವು.

ಒಂದು ಕಡೆ ಸದ್ದು ಸಣ್ಣಗಾದರೆ ಕೆಟ್ಟಿತೆಂದು ಎಸೆಯಬೇಡಿ. ಬಾಯಿಯ ಜಾಲರಿಗೆ ಕಿವಿಯ ಗುಗ್ಗೆ ಮೆತ್ತಿರುತ್ತದೆ. ಜಾಲರಿ ಕೆಳಮುಖವಾಗಿ ಹಿಡಿದು ಒಣ ಟೂತ್‌ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ. ಮೇಲ್ಮುಖವಾಗಿ ಹಿಡಿದರೆ ಕಸ ಒಳಗೇ ಬೀಳುತ್ತದೆ.

5. ದುಡ್ಡು ಬೇಡ, ಜಾಗ ಬದಲಿಸಿ

ಸ್ಪೀಕರು ಯಾವುದೇ ಇರಲಿ, ಕೋಣೆಯೂ ಅದರ ಜೊತೆ ಹಾಡುತ್ತದೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಠಣ್ಣೆಂದು ಮರುದನಿ ಬಂದರೆ ಅಲ್ಲಿ ಯಾವ ದುಬಾರಿ ಸೆಟ್ಟಿಟ್ಟರೂ ಕಲಸುಮೇಲೋಗರವೇ. ನಮ್ಮ ಹೊಸ ಮನೆಗಳ ನುಣುಪು ಟೈಲ್ಸು, ಬೋಳು ಗೋಡೆ, ಗಾಜಿನ ಕಿಟಕಿಗಳೆಲ್ಲ ಸದ್ದನ್ನು ಚೆಂಡಿನಂತೆ ಪುಟಿಸುತ್ತವೆ. ಹತ್ತಿ ಹಾಸಿಗೆ, ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಇರುವ ಕೋಣೆಗೆ ಸ್ಪೀಕರನ್ನು ಸಾಗಿಸಿ. ನೆಲದಿಂದ ಎತ್ತಿ, ಕಿವಿಯ ಮಟ್ಟಕ್ಕೆ ಇಡಿ. ಸಣ್ಣ ಬ್ಲೂಟೂತ್ ಸ್ಪೀಕರಿಗೆ ಬೇಸು ಸಾಲದಿದ್ದರೆ ಗೋಡೆಗೆ ಹತ್ತಿರ ಸರಿಸಿ, ಗೋಡೆಯೇ ಒಂದಿಷ್ಟು ಸೇರಿಸಿಕೊಡುತ್ತದೆ. ಬೇಸು ಅತಿಯಾಗಿ ಗುಂಯ್‌ಗುಡುತ್ತಿದ್ದರೆ ಮೂಲೆಯಿಂದ ಈಚೆ ಎಳೆಯಿರಿ. ಎರಡು ಸ್ಪೀಕರಿದ್ದರೆ ಅವೆರಡರ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನೀವು ಕೂರಿ. ಭಾವಮೈದುನ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದರ ಹಿಂದೆ ಈ ಸತ್ಯವಿತ್ತು, ಒಪ್ಪುತ್ತೇನೆ.

ಇನ್ನು ಚೊಂಬಿನ ವಿಚಾರ. ಫೋನನ್ನು ಖಾಲಿ ಸ್ಟೀಲ್ ಚೊಂಬಿನಲ್ಲಿಟ್ಟರೆ ಸದ್ದು ಹೆಚ್ಚುವುದು ನಮ್ಮ ಎಲ್ಲ ಅಡುಗೆಮನೆಗಳೂ ಕಂಡುಕೊಂಡ ಸತ್ಯ. ನಾನು ಒಂದು ಭಾನುವಾರ ಹೆಂಡತಿ ತವರಿಗೆ ಹೋಗಿದ್ದಾಗ ಕಟ್ಟೆಯ ಮೇಲೆ ಪಾತ್ರೆ ಸಾಲಾಗಿ ಜೋಡಿಸಿ ಪರೀಕ್ಷೆ ಮಾಡಿದೆ. ಕಿರಿಬಾಯಿಯ ಸ್ಟೀಲ್ ಚೊಂಬು: ಸದ್ದು ಜೋರು, ಆದರೆ ಯಾವುದೋ ಒಂದೆರಡು ಸ್ವರ ಬಂದಾಗ ಮಾತ್ರ ಚೊಂಬೇ ಮೈದುಂಬಿ ಕೂಗುತ್ತದೆ, ಗಾಯಕ ಬಾವಿಯೊಳಗಿಂದ ಹಾಡಿದಂತೆ. ಪಾಯಸದ ಬೋಗುಣಿ: ಬಾಯಿ ಅಗಲ, ಸದ್ದು ಚದುರುತ್ತದೆ. ಪಿಂಗಾಣಿ ಬಟ್ಟಲು: ಪರವಾಗಿಲ್ಲ. ಮೊಸರು ಹೆಪ್ಪುಹಾಕುವ ಮಣ್ಣಿನ ಕುಡಿಕೆ: ಗೆದ್ದದ್ದು ಇದೇ. ಕೂಗಾಟವಿಲ್ಲದೆ ಮೆತ್ತಗೆ ದೊಡ್ಡದಾಗುತ್ತದೆ. ತಳಕ್ಕೆ ಒಂದು ಕರ್ಚೀಫು ಮಡಿಸಿಟ್ಟರೆ ಕಟಕಟ ಸದ್ದೂ ಇಲ್ಲ. ಅದರಲ್ಲಿ ಮೊಸರಿದೆಯೇ ಎಂದು ನೋಡಿಕೊಂಡು ಫೋನು ಇಳಿಸಿ.

6. ಫೋನು, ಲ್ಯಾಪ್‌ಟಾಪಿನೊಳಗಿನ ಮೂರು ಕೆಲಸ

ಒಂದು, ಹಾಡಿನ ಆ್ಯಪಿನಲ್ಲಿ 'ಡೇಟಾ ಸೇವರ್' ಆಫ್ ಮಾಡಿ, ವೈಫೈ ಇರುವಾಗ ಗುಣಮಟ್ಟವನ್ನು ಮೇಲಿನದಕ್ಕೆ ಇಡಿ. 320 ಕೆಬಿಪಿಎಸ್ ಎಂದರೂ ನಿಮಿಷಕ್ಕೆ ಖರ್ಚಾಗುವುದು ಸುಮಾರು 2.4 ಎಂಬಿ. ಬೆಳಗಿನ ಶುಭೋದಯದ ವಿಡಿಯೊಗಳು ಅದಕ್ಕಿಂತ ಹೆಚ್ಚು ತಿನ್ನುತ್ತವೆ.

ಎರಡು, 'ಬೇಸ್ ಬೂಸ್ಟ್', '3ಡಿ ಸರೌಂಡ್' ಎಂಬ ಅಲಂಕಾರಗಳನ್ನು ಆಫ್ ಮಾಡಿ.

ಮೂರು, ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಹೆಡ್‌ಫೋನು ಹಾಕಿಕೊಂಡು ಮೀಟಿಂಗು ಮುಗಿಸಿದ ಮೇಲೆ ಹಾಡು ತಗಡಿನಂತೆ ಕೇಳಿದರೆ ಹೆಡ್‌ಫೋನನ್ನು ಬೈಯಬೇಡಿ. ಮೈಕು ಇನ್ನೂ ತೆರೆದಿದೆ. ಬ್ಲೂಟೂತು ಇನ್ನೂ ಫೋನ್‌ಕರೆಯ ದಾರಿಯಲ್ಲೇ ಓಡುತ್ತಿದೆ. ಮೀಟಿಂಗಿನ ಕಿಟಕಿ ಪೂರ್ತಿ ಮುಚ್ಚಿದರೆ ಹಾಡಿಗೆ ಮತ್ತೆ ಪ್ರಾಣ ಬರುತ್ತದೆ.

ಎಂಪಿ3 ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಅದನ್ನು ರೂಪಿಸಿದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್, ಸುಝೇನ್ ವೇಗಾ ಯಾವ ವಾದ್ಯವೂ ಇಲ್ಲದೆ ಹಾಡಿದ ಒಂದು ಹಾಡನ್ನು ಇಟ್ಟುಕೊಂಡು, ಅದು ಕೆಡದೆ ಕೇಳುವ ತನಕ ತಿದ್ದುತ್ತಲೇ ಇದ್ದ. ಬರೀ ಕಂಠವೇ ಎಲ್ಲಕ್ಕಿಂತ ಕಠಿಣ ಪರೀಕ್ಷೆ ಎಂದು ಅವನಿಗೆ ಗೊತ್ತಿತ್ತು.

7. ಅಂಗಡಿಯಲ್ಲಿ ಜೋರಾಗಿ ಕೇಳಿದ್ದನ್ನು ಚೆನ್ನಾಗಿ ಕೇಳಿದ್ದು ಅಂದುಕೊಳ್ಳಬೇಡಿ

ಎರಡು ಸ್ಪೀಕರು ಪಕ್ಕಪಕ್ಕ ಇಟ್ಟು, ಒಂದನ್ನು ಚೂರೇ ಚೂರು ಜೋರಾಗಿ ಹಾಕಿದರೆ ಸಾಕು, ಕಿವಿ ಅದನ್ನೇ ಮೆಚ್ಚುತ್ತದೆ. ಜೋರು ಎಂದು ಅನಿಸುವುದಿಲ್ಲ, ಸ್ಪಷ್ಟ ಎಂದು ಅನಿಸುತ್ತದೆ. ಒಂದು ಅಂಗಡಿಯಲ್ಲಿ ಹೀಗೇ ನಾನು ಹನ್ನೆರಡು ಸಾವಿರದ್ದು ನೋಡಲು ಹೋಗಿ ಇಪ್ಪತ್ತೆರಡು ಸಾವಿರದ್ದು ಹೊತ್ತು ತಂದೆ. ಮನೆಯಲ್ಲಿ ದನಿ ತಗ್ಗಿಸಿದಾಗ ಪಕ್ಕದಲ್ಲಿದ್ದ ಹಳೇದಕ್ಕೂ ಇದಕ್ಕೂ ಇದ್ದ ವ್ಯತ್ಯಾಸವೂ ತಗ್ಗಿತು. ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತರಿಸಿ, ನಿಮ್ಮದೇ ಹಾಡು ಹಾಕಿಸಿ, ಬೆನ್ನು ತಿರುಗಿಸಿ ನಿಂತು ಕೇಳಿ.

ಬೆಲೆಗೂ ದನಿಗೂ ಎಷ್ಟು ನಂಟು? 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆ ತೆಗೆದು, ಯಾವ ಕಂಪನಕ್ಕೆ ಹೇಗೆ ಸ್ಪಂದಿಸುತ್ತವೆ ಎಂಬುದಕ್ಕೂ ಅಂಗಡಿಯ ಬೆಲೆಗೂ ತಾಳಮೇಳವೇ ಇಲ್ಲ ಎಂದು ಬರೆದ. ಅದಕ್ಕೂ ಹತ್ತು ವರ್ಷ ಮೊದಲು ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆಸಿದ್ದರು. ಸಿಡಿಗಿಂತ ಮೇಲ್ಮಟ್ಟದ ತಟ್ಟೆಯನ್ನು ಇದ್ದಂತೆಯೂ, ಸಿಡಿಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದು ಎಂದು ಕೇಳಿದರು. 554 ಸಲ ಕೇಳಿದ್ದಕ್ಕೆ ಸರಿಯುತ್ತರ ಬಂದದ್ದು ನೂರಕ್ಕೆ 49.8. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಎಳೆಯ ಕಿವಿಗೆ 20,000 ಹರ್ಟ್ಸ್ ತನಕ ಕೇಳುತ್ತದೆ ಎನ್ನುತ್ತಾರೆ. ವಯಸ್ಸಾದಂತೆ ಮೇಲಿನ ಅಂಚು ಒಂದೊಂದೇ ಉದುರುತ್ತಾ ಬರುತ್ತದೆ. ಮೂವತ್ತು ಸಾವಿರ, ನಲವತ್ತು ಸಾವಿರ ಹರ್ಟ್ಸ್ ಕೊಡುವ ಸ್ಪೀಕರು ಕೊಳ್ಳುವಷ್ಟು ದುಡ್ಡು ಕೂಡಿಬರುವುದು ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ. ಆ ಹೊತ್ತಿಗೆ ಅದನ್ನು ಕೇಳುವುದು ಮನೆಯ ನಾಯಿಯೊಂದೇ.

8. ದನಿ ತಗ್ಗಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಸರಳ: 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ. ಸ್ಪೀಕರು ಸುಟ್ಟರೆ ಹೊಸದು ಸಿಗುತ್ತದೆ. ಒಳಗಿವಿಯ ಕೂದಲ ಕೋಶ ಸತ್ತರೆ ಸತ್ತಂತೆಯೇ.

ರಾತ್ರಿ ಮೆಲ್ಲಗೆ ಹಾಕಿದರೆ ಹಾಡು ಸಪ್ಪೆಯಾಗುತ್ತದಲ್ಲ ಎನ್ನುವವರಿಗೆ: ತಪ್ಪು ನಿಮ್ಮ ಸೆಟ್ಟಿನದಲ್ಲ. ದನಿ ತಗ್ಗಿದಷ್ಟೂ ತಗ್ಗಿನ ಸ್ವರಗಳಿಗೆ ನಮ್ಮ ಕಿವಿ ಮಂದವಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬುವರು 1933ರಲ್ಲೇ ಇದರ ನಕ್ಷೆ ಬರೆದರು. ಹಳೇ ಆಂಪ್ಲಿಫೈಯರುಗಳಲ್ಲಿ 'ಲೌಡ್‌ನೆಸ್' ಎಂಬ ಗುಂಡಿ ಇರುತ್ತಿತ್ತು. ಜೋರು ಮಾಡಲಿಕ್ಕೆಂದು ನಾವೆಲ್ಲ ಒತ್ತಿಟ್ಟುಬಿಡುತ್ತಿದ್ದ ಅದು ಇದ್ದದ್ದು ಮೆಲ್ಲಗೆ ಕೇಳುವಾಗ ಬೇಸು ತುಂಬಿಕೊಡಲಿಕ್ಕೆ. ಈಗ ಫೋನಿನ ಈಕ್ವಲೈಸರಿನಲ್ಲಿ ರಾತ್ರಿ ಹೊತ್ತು ಎಡಗಡೆಯ ಕಡ್ಡಿಯನ್ನು ಎರಡು ಗೆರೆ ಏರಿಸಿ, ಹಗಲಿಗೆ ಇಳಿಸಿ.

9. ಒಂದೇ ಹಾಡು, ಐದು ಸಲ, ಐದು ಕಿವಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಕೊಟ್ಟದ್ದು ಇದು. ನಿಮಗೆ ಬಾಯಿಪಾಠವಾಗಿರುವ ಒಂದು ಹಳೇ ಸಿನಿಮಾ ಹಾಡು ಆರಿಸಿಕೊಳ್ಳಿ. ಜಿ.ಕೆ. ವೆಂಕಟೇಶ್ ಆಗಲಿ, ರಾಜನ್-ನಾಗೇಂದ್ರ ಆಗಲಿ. ಮೊದಲ ಸಲ ಕಂಠ ಕೇಳಿ. ಅದು ಹೇಗೂ ಕೇಳುತ್ತೀರಿ. ಎರಡನೇ ಸಲ ಕಂಠವನ್ನು ಬಿಟ್ಟು ತಬಲಾ ಅಥವಾ ಢೋಲಕ್ಕಿನ ಬಾಲ ಹಿಡಿಯಿರಿ. ಚರಣದಲ್ಲಿ ನಡೆ ಬದಲಾಯಿತೇ? ಪಲ್ಲವಿಗೆ ಮರಳುವಾಗ ಒಂದು ಉರುಳಿಕೆ ಕೊಟ್ಟನೇ? ಮೂರನೇ ಸಲ ಪಲ್ಲವಿ-ಚರಣದ ನಡುವೆ ಬರುವ ವಾದ್ಯದ ತುಣುಕು: ಮೊದಲ ಸಂದಿನಲ್ಲಿ ಕೊಳಲು ಬಂದಿದ್ದರೆ ಎರಡನೆಯದರಲ್ಲಿ ಸಿತಾರ್ ಇರಬಹುದು. ನಾಲ್ಕನೇ ಸಲ, ಗಾಯಕ ಉಸಿರು ಎಳೆದದ್ದು ಎಲ್ಲಿ? ಯಾವ ಪದದ ನಡುವೆ ಎಳೆಯಲೇ ಇಲ್ಲ? ಐದನೇ ಸಲ ಏನೂ ಹುಡುಕದೆ ಸುಮ್ಮನೆ ಕೇಳಿ. ನಿಮ್ಮ ಮುನ್ನೂರು ರೂಪಾಯಿಯ ಇಯರ್‌ಫೋನು ಮಧ್ಯಾಹ್ನದಿಂದ ಸಂಜೆಯೊಳಗೆ ಮೂರು ಸಾವಿರದ್ದಾಗಿರುತ್ತದೆ.

ಕಛೇರಿಯ ಧ್ವನಿಮುದ್ರಿಕೆಯಾದರೆ ಕೈಗೆ ಕೆಲಸ ಕೊಡಿ. ಆದಿತಾಳ ಎಂಟು ಎಣಿಕೆ: ಒಂದು ಏಟು, ಕಿರುಬೆರಳಿನಿಂದ ಶುರುಮಾಡಿ ಮೂರು ಬೆರಳು, ಆಮೇಲೆ ಏಟು-ಬೀಸು, ಏಟು-ಬೀಸು. ತೊಡೆಯ ಮೇಲೆ ಹಾಕುತ್ತಾ ಕೂರಿ. ಸಂಗೀತ ಗೊತ್ತಿಲ್ಲ ಎಂಬ ಸಂಕೋಚ ಬೇಡ, ಎಂಟರ ತನಕ ಎಣಿಸಲು ಬಂದರೆ ಸಾಕು. ತಾಳವಾದ್ಯಕ್ಕೆಂದೇ ಬಿಟ್ಟ ತನಿ ಆವರ್ತನದಲ್ಲಿ ಮೃದಂಗದವನು ನಿಮ್ಮ ಎಣಿಕೆಯನ್ನು ತಪ್ಪಿಸಿ ಎಲ್ಲೆಲ್ಲೋ ಅಲೆದಾಡಿಸಿ, ಕೊನೆಗೆ ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡು ಎತ್ತಿಕೊಳ್ಳುವ ಜಾಗಕ್ಕೆ ಸರಿಯಾಗಿ ತಂದು ಕೂರಿಸಿದಾಗ ಬಾಯಿಂದ ತಾನಾಗಿ "ಭಲೇ" ಬರುತ್ತದೆ. ಆ "ಭಲೇ" ಬಂದ ಗಳಿಗೆಯಲ್ಲಿ ಸ್ಪೀಕರಿನ ಕಂಪನಿ ಯಾವುದು ಎಂದು ಯಾರಾದರೂ ಕೇಳಿದರೆ ಹೊಡೆತ ತಿನ್ನುತ್ತಾರೆ.

10. ವರ್ಷಕ್ಕೆ ಒಮ್ಮೆಯಾದರೂ ಮೈಕಿಲ್ಲದೆ ಕೇಳಿ

ಪಿಟೀಲು ಚೌಡಯ್ಯನವರು ವಾದ್ಯಕ್ಕೆ ಏಳು ತಂತಿ ಕಟ್ಟಿಕೊಂಡದ್ದು ಚಮತ್ಕಾರಕ್ಕಲ್ಲ. ಧ್ವನಿವರ್ಧಕಗಳಿಲ್ಲದ ಸಭೆಗಳಲ್ಲಿ ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ, ಒಳಗೆ ಈಗ ಮೈಕು ಇದ್ದೇ ಇರುತ್ತದೆ. ಹಾಗಾಗಿ ಮೈಕಿಲ್ಲದ ಸಂಗೀತವನ್ನು ಹುಡುಕಿಕೊಂಡೇ ಹೋಗಬೇಕು: ಯಾರದೋ ಮನೆಯ ನಡುಮನೆಯ ಕಛೇರಿ, ಸಂಗೀತದ ಮೇಷ್ಟರ ಮನೆಯ ಪುರಂದರ ಆರಾಧನೆ, ಊರ ಗುಡಿಯ ಶನಿವಾರದ ಭಜನೆ. ತಂಬೂರಿಯ ಪಕ್ಕದಲ್ಲಿ, ಒಂದು ಮಾರು ದೂರದಲ್ಲಿ, ಹತ್ತು ನಿಮಿಷ ಕೂರಿ. ಆಮೇಲೆ ಫೋನಿನಲ್ಲಿ ತಂಬೂರಿ ಕೇಳಿದಾಗ, ಆ ಸಣ್ಣ ಸ್ಪೀಕರು ಬಿಟ್ಟದ್ದೇನು ಎಂದು ಕಿವಿಗೆ ಗೊತ್ತಿರುತ್ತದೆ. ಗೊತ್ತಿದ್ದದ್ದನ್ನು ಕಿವಿ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದ್ದನ್ನು ಎಷ್ಟು ಲಕ್ಷದ ಸೆಟ್ಟೂ ತುಂಬಿಕೊಡದು.

11. ಆಗಾಗ ಆಯ್ಕೆಯನ್ನು ರೇಡಿಯೊಗೆ ಬಿಟ್ಟುಕೊಡಿ

1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಅವರ ಮೊದಲ ಪ್ರೇಷಕದ ಶಕ್ತಿ 30 ವಾಟ್, ಒಂದು ಸೀಲಿಂಗ್ ಫ್ಯಾನು ತಿನ್ನುವಷ್ಟೂ ಇಲ್ಲ. ರೇಡಿಯೊದಲ್ಲಿ ಮುಂದಿನ ಹಾಡು ಯಾವುದೆಂದು ಗೊತ್ತಿಲ್ಲದಿರುವುದರಲ್ಲೇ ಒಂದು ಸುಖವಿದೆ. ಬೇಕೆಂದಾಗ ಬೇಕಾದ್ದು ಸಿಗುವ ಕಾಲದಲ್ಲಿ ಆ ಸುಖವನ್ನು ಬೇಕೆಂದೇ ಮಾಡಿಕೊಳ್ಳಬೇಕು.

12. ಹಳೇದನ್ನು ಎಸೆಯುವ ಮೊದಲು ಒರೆಸಿ

ಅಟ್ಟದ ಮೇಲಿನ ಟೇಪ್‌ರೆಕಾರ್ಡರು ಮಂಕಾಗಿ ಕೇಳುತ್ತದೆಯೇ? ಹತ್ತಿ ಸುತ್ತಿದ ಕಡ್ಡಿಗೆ ಸ್ಪಿರಿಟ್ ಅದ್ದಿ ಹೆಡ್ಡು ಒರೆಸಿ. ಕಂದುಬಣ್ಣದ ಪುಡಿ ಬರುತ್ತದೆ, ಹಿಂದೆಯೇ ಹಾಡೂ ಬರುತ್ತದೆ. ಹಾಡು ಎಳೆದೆಳೆದು ಬರುತ್ತಿದ್ದರೆ ಬೆಲ್ಟು ಸಡಿಲವಾಗಿದೆ.

ಈ ಬೆಲ್ಟು ನನಗೆ ಮಾಡಿದ ಮೋಸ ಹೇಳಬೇಕು. ಕೆ.ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು ಅದೇ. ನಮ್ಮ ಮನೆಗೆ ಅದು ಬಂದದ್ದು ತಡವಾಗಿ, ಬೆಲ್ಟು ಜಗ್ಗಿದ ಟೇಪ್‌ರೆಕಾರ್ಡರಿನ ಜೊತೆ. ಮೈಸೂರು ಅನಂತಸ್ವಾಮಿಯವರ ದನಿ ನಮ್ಮ ಮನೆಯಲ್ಲಿ ಮಾತ್ರ ಅರ್ಧ ಸ್ವರ ಕೆಳಗೆ, ಒಂಚೂರು ನಿಧಾನ, ಗಂಭೀರ. ಅದೇ ಸರಿ ಅಂದುಕೊಂಡು ಶಾಲೆಯ ವಾರ್ಷಿಕೋತ್ಸವಕ್ಕೆ ಅದರದೊಂದು ಹಾಡನ್ನು ಹಾಗೇ ಅಭ್ಯಾಸ ಮಾಡಿ ಹೋದೆ. ಹಾರ್ಮೋನಿಯಂ ಮೇಷ್ಟರು ಶ್ರುತಿ ಹಿಡಿದರೆ ನಾನು ಒಂದು ಕಡೆ, ಅವರು ಒಂದು ಕಡೆ. ಇವತ್ತಿಗೂ ಆ ಹಾಡನ್ನು ಸರಿಯಾದ ವೇಗದಲ್ಲಿ ಕೇಳಿದರೆ ಅನಂತಸ್ವಾಮಿಯವರಿಗೆ ಯಾಕೋ ಇವತ್ತು ಅವಸರ ಅನಿಸುತ್ತದೆ.

13. ದುಡ್ಡಿದ್ದರೆ ಹಾಡುವವರಿಗೆ ಕೊಡಿ

ಮೈಸೂರಿನ ಜಯಚಾಮರಾಜೇಂದ್ರ ಒಡೆಯರಿಗೆ ಜಗತ್ತಿನ ಯಾವ ಗ್ರಾಮಫೋನು ಬೇಕಾದರೂ ಕೊಳ್ಳುವ ಶಕ್ತಿ ಇತ್ತು. ಸಾವಿರಾರು ತಟ್ಟೆಗಳೂ ಅವರಲ್ಲಿದ್ದವು. ಆದರೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರನನ್ನು ಹೆಚ್ಚು ಜನ ಕೇಳುವಂತಾಗಬೇಕು ಎಂದು ಅವರಿಗೆ ಅನಿಸಿತು. ಲಂಡನ್ನಿನಲ್ಲಿ ಮುದುಕನಾಗಿ, ಕಾಯಿಲೆಯಾಗಿ ಕೂತಿದ್ದ ಅವನ ಪಿಯಾನೊವನ್ನು 1940ರ ದಶಕದ ಕೊನೆಯಲ್ಲಿ ತಮ್ಮ ಖರ್ಚಿನಲ್ಲಿ ಎಚ್‌ಎಂವಿಯಿಂದ ಧ್ವನಿಮುದ್ರಣ ಮಾಡಿಸಿದರು. ಅವನು ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಇವತ್ತು ಮೆಟ್ನರ್ ಸ್ವತಃ ನುಡಿಸಿದ್ದನ್ನು ಯಾರಾದರೂ ಕೇಳುತ್ತಿದ್ದಾರೆಂದರೆ ಅದರಲ್ಲಿ ಮೈಸೂರಿನ ಪಾಲಿದೆ.

ನಾವು ಮಹಾರಾಜರಲ್ಲ. ಆದರೆ ಐದು ಸಾವಿರದ ಹೆಡ್‌ಫೋನಿನ ಬದಲು ಎರಡು ಸಾವಿರದ್ದು ತಂದು, ಉಳಿದ ಮೂರು ಸಾವಿರದಲ್ಲಿ ವರ್ಷಕ್ಕೆ ನಾಲ್ಕಾರು ಕಛೇರಿಗೆ ಟಿಕೆಟ್ಟು ಕೊಳ್ಳಬಹುದು.

14. ಒಳ್ಳೇ ಸೆಟ್ಟು ಇರುವವರ ಸ್ನೇಹ ಬಿಡಬೇಡಿ

ಒಳ್ಳೇ ಸೆಟ್ಟಿನಲ್ಲಿ ಒಳ್ಳೇದು ಇದ್ದೇ ಇದೆ. ಕೊಳ್ಳಲಾಗದಿದ್ದರೆ ಇರುವವರ ಮನೆಗೆ ಹೋಗಿ, ಆದರೆ ಹಾಡು ನೀವೇ ಒಯ್ಯಿರಿ. ಹೋದ ತಿಂಗಳು ನಾನು ಹಾಗೆ ಮಾಡಿದೆ. "ಮಳೆ, ಗಾಜು ಎಲ್ಲ ಬೇಡ, ಇವತ್ತು ನಂದೊಂದು ಹಾಕಪ್ಪ" ಎಂದು ಭಾವಮೈದುನನಿಗೆ ಹೇಳಿ, ಗೌಹರ್ ಜಾನ್ ಹಾಡಿದ ಒಂದು ಖಯಾಲ್ ಹಾಕಿಸಿದೆ. 1902ರಲ್ಲಿ ಕಲ್ಕತ್ತದ ಹೋಟೆಲೊಂದರ ಕೋಣೆಯಲ್ಲಿ, ಮೈಕೂ ಇಲ್ಲದೆ, ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಆಕೆ ಹಾಡಿದ್ದ ಕಾಲದ ತಟ್ಟೆ. ಆಕೆಯ ಕೊನೆಗಾಲ ಕಳೆದದ್ದು ಮೈಸೂರಿನಲ್ಲಿ, ಅರಮನೆಯ ವಿದುಷಿಯಾಗಿ. ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ.

ಶುರುವಿನಲ್ಲಿ ಕರಕರ ಸದ್ದು. ಎರಡು ಲಕ್ಷದ ಸೆಟ್ಟಿನಲ್ಲಿ ಅದೂ ಎರಡು ಲಕ್ಷದ ಕರಕರವೇ. ಭಾವಮೈದುನನ ಮುಖ ಹುಳ್ಳಗಾಯಿತು. "ಇದೇನು ಭಾವ, ದೋಸೆ ಹುಯ್ದ ಹಾಗಿದೆ?" ಅಂದ. ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಆಕೆ ತಾನ ಹಾಕಲು ಶುರುಮಾಡಿದಳು. ಅವನ ಕೈ ರಿಮೋಟಿನ ತನಕ ಹೋಗಿ ಅಲ್ಲೇ ನಿಂತಿತು.

ಆ ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರದ್ದೆಂದು ಗೊತ್ತಾಗಲಿ ಎಂದು ಹಾಡು ಮುಗಿದ ಕೂಡಲೇ ಗಾಯಕರು ಹೆಸರು ಹೇಳಬೇಕಿತ್ತು. ಗೌಹರ್ ಜಾನ್ ಕೊನೆಯ ಸ್ವರ ಬಿಟ್ಟು, ಉಸಿರನ್ನೂ ತೆಗೆದುಕೊಳ್ಳದೆ, ಇಂಗ್ಲಿಷಿನಲ್ಲಿ ತನ್ನ ಹೆಸರು ಖಣ್ಣನೆ ಹೇಳಿದಳು.

ಒಳಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ಮಗನಿಗೆ ಹೇಳಿದರು: "ಲೋ, ಬಾಗಿಲು ತೆಗಿಯೋ, ಯಾರೋ ಬಂದವ್ರೆ."